ಪವರ್ ಫ್ಯಾಕ್ಟರ್ ಮತ್ತು ವಿದ್ಯುತ್ ಬಿಲ್ಲು: ಕೆಲಸ ಮಾಡದ ಪ್ರವಾಹದ ಬೆಲೆ

ಪೀಠಿಕೆ

ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ವಿದ್ಯುತ್ತು ಹರಿಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ಮೈಸೂರು ಸಂಸ್ಥಾನದ ಜಲವಿದ್ಯುತ್ತು ಮೊದಲು ಗಣಿಯ ಯಂತ್ರಗಳಿಗಾಗಿ ದುಡಿಯಿತು, ಅನಂತರ ನಗರದ ಬೆಳಕಾಯಿತು. ವಿದ್ಯುತ್ ಬಳಕೆಯ ಲೆಕ್ಕವನ್ನು ಅರಿಯಲು ಈ ಎರಡು ಬಗೆಯ ಬಳಕೆಗಳ ನಡುವಣ ಭೇದ ಇಂದಿಗೂ ಮುಖ್ಯವಾದದ್ದು. ತಂತುವುಳ್ಳ ಬಲ್ಬು ತಾನು ಸೆಳೆದ ವಿದ್ಯುತ್ತನ್ನೆಲ್ಲ ಶಾಖವಾಗಿಯೂ ಬೆಳಕಾಗಿಯೂ ವ್ಯಯಿಸುತ್ತದೆ. ಮೋಟಾರು ಹಾಗಲ್ಲ. ಅದು ಸೆಳೆಯುವ ಪ್ರವಾಹದ ಒಂದು ಅಂಶ ಗಾಲಿಯನ್ನು ತಿರುಗಿಸುತ್ತದೆ. ಇನ್ನೊಂದು ಅಂಶ ತಂತಿಯಲ್ಲಿ ಹೋಗಿ ಬಂದು ಮಾಡುತ್ತಿರುತ್ತದೆಯೇ ಹೊರತು ಕೆಲಸವಾಗಿ ಪರಿಣಮಿಸುವುದಿಲ್ಲ. ಒಟ್ಟು ಹೊರೆಯಲ್ಲಿ ನಿಜವಾಗಿ ಕೆಲಸವಾಗುವ ಭಾಗವೆಷ್ಟು ಎಂಬುದನ್ನು ಸೂಚಿಸುವ ಸಂಖ್ಯೆಯೇ ಪವರ್ ಫ್ಯಾಕ್ಟರ್. ಕನ್ನಡದ ವಿಜ್ಞಾನ ಬರಹಗಳಲ್ಲಿ ಇದನ್ನು ಸಾಮರ್ಥ್ಯ ಗುಣಾಂಕವೆಂದೂ ಕರೆಯಲಾಗಿದೆ.

ಕಾರ್ಖಾನೆಯ ಬಿಲ್ಲಿನಲ್ಲಿ ಈ ಗುಣಾಂಕದ ಹೆಸರಿನಲ್ಲಿ ಅಧಿಕಶುಲ್ಕವೊಂದು ಕಾಣಿಸಿಕೊಳ್ಳುತ್ತದೆ. ಮನೆಯ ಬಿಲ್ಲಿನಲ್ಲಿ ಅದರ ಸುಳಿವೇ ಇರುವುದಿಲ್ಲ. ಆದರೂ ಅದನ್ನು ಸರಿಪಡಿಸಿ ಬಿಲ್ಲು ಇಳಿಸುವುದಾಗಿ ಹೇಳುವ ಉಪಕರಣಗಳು ಮನೆಬಾಗಿಲಿಗೇ ಬರುತ್ತವೆ. ರೈತನ ಪಂಪ್‌ಸೆಟ್ಟಿಗೆ ಬಹುಮಟ್ಟಿಗೆ ಬಿಲ್ಲೇ ಇಲ್ಲ. ಆದರೆ ಮೋಟಾರು ಸುಡುವುದು ತಪ್ಪಿಲ್ಲ. ಮೇಲುನೋಟಕ್ಕೆ ಸಂಬಂಧವಿಲ್ಲದಂತೆ ತೋರುವ ಈ ಮೂರು ಸಂಗತಿಗಳ ಹಿಂದೆ ಇರುವ ಪ್ರಶ್ನೆ ಒಂದೇ: ಕೆಲಸ ಮಾಡದ ಪ್ರವಾಹವನ್ನು ಹೊತ್ತು ಸಾಗಿಸುವ ವೆಚ್ಚವನ್ನು ಯಾರು ತೆರುತ್ತಾರೆ? ಆ ವೆಚ್ಚವನ್ನು ಸೃಷ್ಟಿಸುವುದು ಭೌತನಿಯಮ. ಅದು ಯಾರ ಪಾಲಿಗೆ ಬೀಳಬೇಕೆಂದು ನಿರ್ಧರಿಸುವುದು ಮಾಪಕ ಮತ್ತು ದರಪಟ್ಟಿ. ಪ್ರಸ್ತುತ ಲೇಖನದ ವಿವೇಚನೆ ಈ ಎರಡರ ಸಂಬಂಧವನ್ನು ಕುರಿತದ್ದು.

ಪರ್ಯಾಯ ಪ್ರವಾಹದಲ್ಲಿ ಎರಡು ಬಗೆಯ ಸಂಚಾರ

ಭಾರತದಲ್ಲಿ ಪೂರೈಕೆಯಾಗುವ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುತ್ತದೆ. ವೋಲ್ಟೇಜು ಶೂನ್ಯದಿಂದ ಏರಿ, ಇಳಿದು, ವಿರುದ್ಧ ದಿಕ್ಕಿನಲ್ಲಿ ಮತ್ತೆ ಏರಿ, ಇಳಿದು ಶೂನ್ಯಕ್ಕೆ ಮರಳಿದರೆ ಒಂದು ಆವರ್ತ. ಬಲ್ಬು, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಹೀಟರು ಮೊದಲಾದ ರೋಧಕ ಉಪಕರಣಗಳಲ್ಲಿ ಪ್ರವಾಹವು ವೋಲ್ಟೇಜಿನ ಜೊತೆಜೊತೆಗೇ ಏರಿಳಿಯುತ್ತದೆ. ಸುರುಳಿಗಳುಳ್ಳ ಉಪಕರಣಗಳಲ್ಲಿ, ಅಂದರೆ ಮೋಟಾರು, ಟ್ರಾನ್ಸ್‌ಫಾರ್ಮರು, ಹಳೆಯ ಬಗೆಯ ಟ್ಯೂಬ್‌ಲೈಟಿನ ಚೋಕು ಮುಂತಾದವುಗಳಲ್ಲಿ, ಪ್ರವಾಹವು ವೋಲ್ಟೇಜಿಗಿಂತ ತುಸು ಹಿಂದೆ ಬೀಳುತ್ತದೆ. ಸುರುಳಿಯಲ್ಲಿ ಕಾಂತಕ್ಷೇತ್ರವು ಹುಟ್ಟಿ ಅಡಗುವ ಕ್ರಿಯೆಯೇ ಈ ವಿಳಂಬಕ್ಕೆ ಕಾರಣ.

ಕಾಂತಕ್ಷೇತ್ರವನ್ನು ಕಟ್ಟಲು ಶಕ್ತಿ ಬೇಕು. ಆವರ್ತದ ಒಂದು ಕಾಲು ಭಾಗದಲ್ಲಿ ಸುರುಳಿಯು ಆ ಶಕ್ತಿಯನ್ನು ಪೂರೈಕೆಯ ಜಾಲದಿಂದ ಪಡೆಯುತ್ತದೆ. ಮುಂದಿನ ಕಾಲು ಭಾಗದಲ್ಲಿ ಕ್ಷೇತ್ರವು ಅಡಗುವಾಗ ಅದನ್ನು ಜಾಲಕ್ಕೇ ಹಿಂದಿರುಗಿಸುತ್ತದೆ. ಈ ಕೊಡುಕೊಳ್ಳುವಿಕೆ ಸೆಕೆಂಡಿಗೆ 100 ಬಾರಿ ನಡೆಯುತ್ತದೆ. ಹೀಗೆ ಹೋಗಿ ಬರುವ ಶಕ್ತಿಯ ಪ್ರಮಾಣವನ್ನು ಪ್ರತಿಕ್ರಿಯಾ ಸಾಮರ್ಥ್ಯವೆಂದೂ, ತಿರುಗುವ ಗಾಲಿಯಾಗಿ ಇಲ್ಲವೆ ಶಾಖವಾಗಿ ವ್ಯಯವಾಗುವ ಭಾಗವನ್ನು ಕ್ರಿಯಾ ಸಾಮರ್ಥ್ಯವೆಂದೂ ಕರೆಯುತ್ತಾರೆ. ಮೊದಲನೆಯದರ ಮಾನ ಕೆವಿಎಆರ್, ಎರಡನೆಯದರ ಮಾನ ಕಿಲೋವ್ಯಾಟ್. ತಂತಿಗಳು ಹೊರಬೇಕಾದ ಒಟ್ಟು ಹೊರೆಯೇ ತೋರಿಕೆಯ ಸಾಮರ್ಥ್ಯ; ಅದರ ಮಾನ ಕೆವಿಎ.

ಹಿಂದೆ ತೋಟಗಳಲ್ಲಿ ಕಪಿಲೆ ಹೊಡೆದು ನೀರೆತ್ತುತ್ತಿದ್ದುದನ್ನು ಇಲ್ಲಿ ನೆನೆಯಬಹುದು. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದಾಗ ಬಾನಿ ತುಂಬಿ ಮೇಲೆ ಬರುತ್ತದೆ. ಹಿಂದಕ್ಕೆ ನಡೆದಾಗ ಬರಿದಾದ ಬಾನಿ ಕೆಳಗಿಳಿಯುತ್ತದೆ. ಹಿಂದಣ ನಡಿಗೆಯಿಂದ ತೋಟಕ್ಕೆ ಹನಿ ನೀರೂ ಬರುವುದಿಲ್ಲ. ಆದರೆ ಅದಿಲ್ಲದೆ ಮುಂದಣ ಬಾನಿಯೂ ಇಲ್ಲ. ಎತ್ತಿನ ಶ್ರಮ, ಹಗ್ಗದ ಸವೆತ, ದಾರಿಯ ಸವೆತ ಇವು ಎರಡೂ ನಡಿಗೆಗಳಿಗೆ ಉಂಟು. ಬಾನಿಗಳನ್ನು ಮಾತ್ರ ಎಣಿಸುವವನ ಲೆಕ್ಕಕ್ಕೆ ಹಿಂದಣ ನಡಿಗೆ ಸಿಕ್ಕುವುದೇ ಇಲ್ಲ. ಪ್ರತಿಕ್ರಿಯಾ ಸಾಮರ್ಥ್ಯವೂ ಇದೇ ಬಗೆಯದು: ಕಾಂತಕ್ಷೇತ್ರವಿಲ್ಲದೆ ಮೋಟಾರು ತಿರುಗದು, ಆ ಕ್ಷೇತ್ರಕ್ಕಾಗಿ ಹೋಗಿ ಬರುವ ಪ್ರವಾಹ ಮಾತ್ರ ಕೆಲಸದ ಲೆಕ್ಕಕ್ಕೆ ಬಾರದು.

ಈ ಮೂರು ಪ್ರಮಾಣಗಳು ಲಂಬಕೋನ ತ್ರಿಭುಜದ ಮೂರು ಬಾಹುಗಳಂತೆ ಪರಸ್ಪರ ಸಂಬಂಧ ಹೊಂದಿವೆ. ಒಂದು ಕಾರ್ಖಾನೆಯ ಕ್ರಿಯಾ ಸಾಮರ್ಥ್ಯ 80 ಕಿಲೋವ್ಯಾಟ್, ಪ್ರತಿಕ್ರಿಯಾ ಸಾಮರ್ಥ್ಯ 60 ಕೆವಿಎಆರ್ ಆಗಿದ್ದರೆ ತೋರಿಕೆಯ ಸಾಮರ್ಥ್ಯ 140 ಆಗುವುದಿಲ್ಲ; 100 ಕೆವಿಎ ಆಗುತ್ತದೆ. 80ನ್ನು 100ರಿಂದ ಭಾಗಿಸಿದರೆ ದೊರೆಯುವ 0.80 ಎಂಬುದೇ ಆ ಕಾರ್ಖಾನೆಯ ಪವರ್ ಫ್ಯಾಕ್ಟರ್. ಅದರ ಗರಿಷ್ಠ ಬೆಲೆ 1. ರೋಧಕ ಉಪಕರಣಗಳಲ್ಲಿ ಅದು 1ಕ್ಕೆ ಸಮೀಪದಲ್ಲಿರುತ್ತದೆ. ಪೂರ್ಣ ಹೊರೆಯಲ್ಲಿ ದುಡಿಯುವ ಮಧ್ಯಮ ಗಾತ್ರದ ಪ್ರೇರಣ ಮೋಟಾರಿನಲ್ಲಿ 0.85ರ ಸುಮಾರಿನಲ್ಲಿರುತ್ತದೆ. ಹೊರೆ ಕಡಿಮೆಯಾದಂತೆ ಇದೂ ಕುಸಿಯುತ್ತದೆ. ಏಕೆಂದರೆ ಮೋಟಾರು ಎಷ್ಟೇ ಕಡಿಮೆ ದುಡಿಯಲಿ, ಕಾಂತಕ್ಷೇತ್ರಕ್ಕೆ ಬೇಕಾದ ಪ್ರವಾಹ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 5 ಅಶ್ವಶಕ್ತಿ ಸಾಕಾಗುವಲ್ಲಿ 10 ಅಶ್ವಶಕ್ತಿಯ ಮೋಟಾರನ್ನು ಕೂರಿಸುವ ರೂಢಿ ಪವರ್ ಫ್ಯಾಕ್ಟರನ್ನು ಕೆಡಿಸುವ ಮೊದಲ ಕಾರಣ.

ಗುಣಾಂಕ ಕುಗ್ಗಿದಾಗ ತಂತಿಯಲ್ಲಿ ಆಗುವುದೇನು

ತಂತಿಗೆ ಕೆಲಸದ ಪ್ರವಾಹ, ಕೆಲಸ ಮಾಡದ ಪ್ರವಾಹ ಎಂಬ ಭೇದವಿಲ್ಲ. ಎರಡೂ ಅದನ್ನು ಒಂದೇ ರೀತಿ ಕಾಯಿಸುತ್ತವೆ. ಹೀಗೆ ನಷ್ಟವಾಗುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ ಪ್ರವಾಹದ ಸಣ್ಣ ಏರಿಕೆಯೂ ನಷ್ಟದಲ್ಲಿ ದೊಡ್ಡದಾಗಿ ಕಾಣುತ್ತದೆ. 415 ವೋಲ್ಟಿನ ತ್ರಿಫೇಸ್ ಪೂರೈಕೆಯಲ್ಲಿ 60 ಕಿಲೋವ್ಯಾಟ್ ಬಳಸುವ ಒಂದು ವರ್ಕ್‌ಶಾಪಿನ ಪವರ್ ಫ್ಯಾಕ್ಟರು 0.70 ಇದ್ದಾಗ ಅದು ಸೆಳೆಯುವ ಪ್ರವಾಹ ಸುಮಾರು 119 ಆಂಪಿಯರ್. ಅದೇ ಕೆಲಸವನ್ನು 0.95ರ ಗುಣಾಂಕದಲ್ಲಿ ಮಾಡಿದರೆ 88 ಆಂಪಿಯರ್ ಸಾಕು. ಆ ವರ್ಕ್‌ಶಾಪಿಗೆ ವಿದ್ಯುತ್ತನ್ನು ತರುವ ತಂತಿಯಲ್ಲಿ ಅದರ ಹೊರೆಯಿಂದಾಗುವ ನಷ್ಟ ಶೇಕಡಾ 46ರಷ್ಟು ತಗ್ಗುತ್ತದೆ. ಮಾಡಿದ ಕೆಲಸದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಿಲ್ಲ ಎಂಬುದು ಗಮನಾರ್ಹ.

ಎರಡನೆಯ ಪರಿಣಾಮ ಉಪಕರಣಗಳ ಧಾರಣಶಕ್ತಿಗೆ ಸಂಬಂಧಿಸಿದ್ದು. ಟ್ರಾನ್ಸ್‌ಫಾರ್ಮರು, ಜನರೇಟರು, ಕೇಬಲ್ಲು ಇವುಗಳ ಮಿತಿಯನ್ನು ನಿರ್ಧರಿಸುವುದು ಅವುಗಳಲ್ಲಿ ಹರಿಯುವ ಪ್ರವಾಹ. ಟ್ರಾನ್ಸ್‌ಫಾರ್ಮರಿನ ಮೈಮೇಲೆ ಕಿಲೋವ್ಯಾಟ್ ಬರೆಯದೆ ಕೆವಿಎ ಎಂದು ಬರೆಯುವುದು ಈ ಕಾರಣದಿಂದಲೇ. 100 ಕೆವಿಎ ಟ್ರಾನ್ಸ್‌ಫಾರ್ಮರು 0.95ರ ಗುಣಾಂಕದಲ್ಲಿ 95 ಕಿಲೋವ್ಯಾಟ್ ಕೆಲಸಕ್ಕೆ ಒದಗಿದರೆ 0.70ರಲ್ಲಿ 70 ಕಿಲೋವ್ಯಾಟಿಗೇ ಬಳಲುತ್ತದೆ. ಮೂರನೆಯ ಪರಿಣಾಮ ವೋಲ್ಟೇಜಿನ ಕುಸಿತ. ಉದ್ದವಾದ ಮಾರ್ಗದಲ್ಲಿ ಪ್ರತಿಕ್ರಿಯಾ ಪ್ರವಾಹ ಹೆಚ್ಚಿದಷ್ಟೂ ಮಾರ್ಗದ ಕೊನೆಯಲ್ಲಿರುವ ಬಳಕೆದಾರನಿಗೆ ದೊರೆಯುವ ವೋಲ್ಟೇಜು ತಗ್ಗುತ್ತದೆ.

ಈ ಮೂರೂ ಪರಿಣಾಮಗಳು ಉಂಟಾಗುವುದು ಬಹುಪಾಲು ಬಳಕೆದಾರನ ಮಾಪಕದ ಹೊರಗೆ, ವಿದ್ಯುತ್ ಸಂಸ್ಥೆಯ ಜಾಲದಲ್ಲಿ. ಬಿಲ್ಲಿನ ಸಮಸ್ಯೆಯ ಮೂಲ ಇಲ್ಲಿದೆ.

ಮಾಪಕ ಏನನ್ನು ಎಣಿಸುತ್ತದೆ

ಹಂಗೆರಿಯ ಎಂಜಿನಿಯರ್ ಒಟ್ಟೊ ಬ್ಲಾಥಿ 1889ರಲ್ಲಿ ರೂಪಿಸಿದ ಪ್ರೇರಣ ಮಾಪಕದ ತತ್ತ್ವವೇ ಒಂದು ಶತಮಾನ ಕಾಲ ಮನೆಮನೆಯ ಮೀಟರುಗಳಲ್ಲಿ ನೆಲೆಸಿತ್ತು. ಗಾಜಿನ ಹಿಂದೆ ನಿಧಾನವಾಗಿ ತಿರುಗುತ್ತಿದ್ದ ಅಲ್ಯೂಮಿನಿಯಮ್ ತಟ್ಟೆ ಹಲವರ ನೆನಪಿನಲ್ಲಿರಬಹುದು. ವೋಲ್ಟೇಜಿನ ಸುರುಳಿ, ಪ್ರವಾಹದ ಸುರುಳಿಗಳೆರಡೂ ಸೇರಿ ತಟ್ಟೆಯನ್ನು ತಿರುಗಿಸುವ ಬಲವು ಕ್ರಿಯಾ ಸಾಮರ್ಥ್ಯಕ್ಕೆ ಅನುಗುಣವಾಗಿರುವಂತೆ ಅದರ ರಚನೆಯಿದೆ. ಒಂದು ಕಾಲು ಆವರ್ತದಲ್ಲಿ ಒಳಬಂದು ಮುಂದಿನದರಲ್ಲಿ ಹೊರಹೋದ ಶಕ್ತಿ ಪರಸ್ಪರ ವಜಾ ಆಗಿ ಎಣಿಕೆಯಲ್ಲಿ ಶೂನ್ಯವಾಗುತ್ತದೆ. ಇಂದಿನ ಎಲೆಕ್ಟ್ರಾನಿಕ್ ಮಾಪಕವು ವೋಲ್ಟೇಜು ಮತ್ತು ಪ್ರವಾಹಗಳನ್ನು ಕ್ಷಣಕ್ಷಣವೂ ಅಳೆದು ಗುಣಿಸಿ ಕೂಡುತ್ತದೆ, ಫಲಿತಾಂಶ ಅದೇ. ‘ಯೂನಿಟ್’ ಎಂದು ಜನ ಕರೆಯುವ ಕಿಲೋವ್ಯಾಟ್-ಗಂಟೆಯಲ್ಲಿ ಪ್ರತಿಕ್ರಿಯಾ ಪ್ರವಾಹಕ್ಕೆ ಸ್ಥಾನವಿಲ್ಲ.

ದೊಡ್ಡ ಬಳಕೆದಾರರಲ್ಲಿ ಅಳವಡಿಸುವ ಟ್ರೈವೆಕ್ಟರ್ ಮಾಪಕ ಇದಕ್ಕಿಂತ ಹೆಚ್ಚನ್ನು ಕಾಣಬಲ್ಲದು. ಯೂನಿಟ್ಟುಗಳ ಜೊತೆಗೆ ಅದು ಕೆವಿಎ-ಗಂಟೆಗಳನ್ನೂ, ಪ್ರತಿಕ್ರಿಯಾ ಶಕ್ತಿಯನ್ನೂ, ತಿಂಗಳಿನ ಗರಿಷ್ಠ ಬೇಡಿಕೆಯನ್ನೂ ದಾಖಲಿಸುತ್ತದೆ. ಗರಿಷ್ಠ ಬೇಡಿಕೆಯೆಂದರೆ ಒಂದು ಕ್ಷಣದ ಜಿಗಿತವಲ್ಲ. ನಿಗದಿಯಾದ ಕೆಲವು ನಿಮಿಷಗಳ ಅವಧಿಯ ಸರಾಸರಿಗಳಲ್ಲಿ ಅತಿ ಹೆಚ್ಚಿನದು. ತಿಂಗಳ ಒಟ್ಟು ಯೂನಿಟ್ಟುಗಳನ್ನು ಒಟ್ಟು ಕೆವಿಎ-ಗಂಟೆಗಳಿಂದ ಭಾಗಿಸಿದರೆ ತಿಂಗಳ ಸರಾಸರಿ ಪವರ್ ಫ್ಯಾಕ್ಟರು ದೊರೆಯುತ್ತದೆ.

ಕೈಗಾರಿಕೆಯ ಬಿಲ್ಲು

ವಿದ್ಯುತ್ತಿನ ಬೆಲೆಯನ್ನು ಯೂನಿಟ್ಟುಗಳಿಂದ ಮಾತ್ರ ಗೊತ್ತುಪಡಿಸುವುದು ನ್ಯಾಯವಲ್ಲವೆಂಬ ವಾದವನ್ನು ಬ್ರಿಟನ್ನಿನ ಜಾನ್ ಹಾಪ್ಕಿನ್‌ಸನ್ 1892ರಷ್ಟು ಹಿಂದೆಯೇ ಮಂಡಿಸಿದ್ದ. ಬಳಕೆದಾರ ಗುಂಡಿ ಒತ್ತಿದ ಕೂಡಲೆ ಒದಗಲು ಸಿದ್ಧವಾಗಿರುವ ಯಂತ್ರ, ತಂತಿಗಳ ವೆಚ್ಚ ಒಂದು. ವಾಸ್ತವವಾಗಿ ಒದಗಿಸಿದ ಶಕ್ತಿಯ ವೆಚ್ಚ ಮತ್ತೊಂದು. ಇವೆರಡನ್ನೂ ಬೇರೆಬೇರೆಯಾಗಿ ವಸೂಲು ಮಾಡಬೇಕೆಂಬುದು ಅವನ ತರ್ಕ. ಇಂದಿನ ಬಿಲ್ಲುಗಳಲ್ಲಿ ಬೇಡಿಕೆ ಶುಲ್ಕ, ಶಕ್ತಿ ಶುಲ್ಕ ಎಂಬ ಎರಡು ಸಾಲುಗಳು ಕಾಣುವುದು ಈ ವಿಚಾರದ ಮುಂದುವರಿಕೆ.

ಭಾರತದಲ್ಲಿ 2003ರ ವಿದ್ಯುಚ್ಛಕ್ತಿ ಕಾಯಿದೆಯ 62ನೆಯ ಪ್ರಕರಣದ 3ನೆಯ ಉಪಪ್ರಕರಣವು ದರ ನಿಗದಿಯಲ್ಲಿ ಯಾವ ಬಳಕೆದಾರನಿಗೂ ಅನುಚಿತ ಪಕ್ಷಪಾತ ತೋರಬಾರದೆಂದು ವಿಧಿಸುತ್ತದೆ. ಆದರೆ ಭೇದ ಮಾಡಲು ಒಪ್ಪಬಹುದಾದ ಆಧಾರಗಳನ್ನು ಪಟ್ಟಿ ಮಾಡುವಾಗ ಪವರ್ ಫ್ಯಾಕ್ಟರನ್ನು ಹೆಸರಿಸಿಯೇ ಹೇಳುತ್ತದೆ. ಎಂದರೆ ಜಾಲಕ್ಕೆ ಹೆಚ್ಚು ಹೊರೆ ಹೊರಿಸುವವನಿಂದ ಹೆಚ್ಚು ಪಡೆಯುವುದು ಕಾನೂನಿನ ದೃಷ್ಟಿಯಲ್ಲಿ ಪಕ್ಷಪಾತವಲ್ಲ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸ್ಥಾಪಿತವಾದದ್ದು 1999ರಲ್ಲಿ. ಅದರ ದರ ಆದೇಶಗಳಲ್ಲಿ ಹಲವು ವರ್ಷಗಳ ಕಾಲ ಮುಂದುವರಿದು ಬಂದ ನಿಯಮದಂತೆ ಉಚ್ಚ ವೋಲ್ಟೇಜಿನ ಬಳಕೆದಾರರಿಗೆ ನಿಗದಿಯಾದ ಪವರ್ ಫ್ಯಾಕ್ಟರು 0.90. ಅದಕ್ಕಿಂತ ಪ್ರತಿ 0.01 ಇಳಿಕೆಗೆ, ಬಳಸಿದ ಪ್ರತಿ ಯೂನಿಟ್ಟಿನ ಮೇಲೆ 3 ಪೈಸೆ ಅಧಿಕಶುಲ್ಕ. ಬೇಡಿಕೆ ಶುಲ್ಕವನ್ನೂ ಕೆವಿಎ ಲೆಕ್ಕದಲ್ಲಿಯೇ ವಿಧಿಸಲಾಗುತ್ತಿತ್ತು. ಹೀಗಾಗಿ ಕಡಿಮೆ ಪವರ್ ಫ್ಯಾಕ್ಟರಿನ ಕಾರ್ಖಾನೆ ಎರಡು ಕಡೆ ಬೆಲೆ ತೆರುತ್ತದೆ: ಅಧಿಕಶುಲ್ಕದ ಸಾಲಿನಲ್ಲಿ ಕಣ್ಣಿಗೆ ಕಾಣುವಂತೆ, ಬೇಡಿಕೆಯ ಸಾಲಿನಲ್ಲಿ ಕಾಣದಂತೆ.

ಉದಾಹರಣೆಗೆ, 300 ಕಿಲೋವ್ಯಾಟ್ ಹೊರೆಯ ಕಾರ್ಖಾನೆಯೊಂದು ತಿಂಗಳಿಗೆ 75,000 ಯೂನಿಟ್ ಬಳಸುತ್ತದೆಂದೂ ಅದರ ಪವರ್ ಫ್ಯಾಕ್ಟರು 0.75 ಎಂದೂ ಭಾವಿಸಬಹುದು. ನಿಗದಿಗಿಂತ 15 ಅಂಶ ಕಡಿಮೆಯಿರುವುದರಿಂದ ಯೂನಿಟ್ಟಿಗೆ 45 ಪೈಸೆಯಂತೆ ಅಧಿಕಶುಲ್ಕ 33,750 ರೂಪಾಯಿ. ಬೇಡಿಕೆ 400 ಕೆವಿಎ. ಪವರ್ ಫ್ಯಾಕ್ಟರನ್ನು 0.96ಕ್ಕೆ ಏರಿಸಿದರೆ ಅಧಿಕಶುಲ್ಕ ಪೂರ್ತಿ ಇಲ್ಲವಾಗುತ್ತದೆ, ಬೇಡಿಕೆ 312.5 ಕೆವಿಎಗೆ ಇಳಿಯುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಕೆವಿಎಗೆ 200 ರೂಪಾಯಿ ಬೇಡಿಕೆ ಶುಲ್ಕವೆಂದು ಹಿಡಿದರೆ ಇಲ್ಲಿ ಉಳಿಯುವುದು 17,500 ರೂಪಾಯಿ. ಒಟ್ಟು ಉಳಿತಾಯ ತಿಂಗಳಿಗೆ 51,250 ರೂಪಾಯಿ. ಇದಕ್ಕೆ ಬೇಕಾದದ್ದು ಸುಮಾರು 177 ಕೆವಿಎಆರ್ ಕೆಪಾಸಿಟರುಗಳು. ಇಷ್ಟಾದರೂ ಬಿಲ್ಲಿನ ಯೂನಿಟ್ಟುಗಳ ಸಂಖ್ಯೆ ಹೆಚ್ಚುಕಡಿಮೆ 75,000ವೇ ಆಗಿರುತ್ತದೆ. ಕಾರ್ಖಾನೆ ಉಳಿಸಿದ್ದು ಯೂನಿಟ್ಟುಗಳನ್ನಲ್ಲ. ಜಾಲದ ಮೇಲೆ ತಾನು ಹೊರಿಸುತ್ತಿದ್ದ ಹೊರೆಯನ್ನು. ಬೇಡಿಕೆ ಶುಲ್ಕದ ಲಾಭ ಪೂರ್ತಿಯಾಗಿ ಕೈಸೇರಬೇಕಾದರೆ ಒಪ್ಪಂದದ ಬೇಡಿಕೆಯನ್ನೂ ಪರಿಷ್ಕರಿಸಿಕೊಳ್ಳಬೇಕು. ಏಕೆಂದರೆ ಒಪ್ಪಂದದ ಬೇಡಿಕೆಯ ಒಂದು ನಿಗದಿತ ಶೇಕಡಾ ಭಾಗವನ್ನು ಬಳಸಿದರೂ ಬಳಸದಿದ್ದರೂ ತೆರಬೇಕಾಗುತ್ತದೆ.

ಕೆಲವು ರಾಜ್ಯಗಳು ಅಧಿಕಶುಲ್ಕದ ಮಾರ್ಗವನ್ನು ಬಿಟ್ಟು ಯೂನಿಟ್ಟಿಗೆ ಬದಲು ಕೆವಿಎ-ಗಂಟೆಯನ್ನೇ ಬಿಲ್ಲಿನ ಮಾನವಾಗಿ ತೆಗೆದುಕೊಂಡಿವೆ. ಮಹಾರಾಷ್ಟ್ರದಲ್ಲಿ ಉಚ್ಚ ವೋಲ್ಟೇಜಿನ ಬಳಕೆದಾರರಿಗೆ ಈ ಪದ್ಧತಿ 2020ರಲ್ಲಿ ಜಾರಿಗೆ ಬಂತು. ಮೇಲಿನ ಕಾರ್ಖಾನೆಯನ್ನೇ ತೆಗೆದುಕೊಂಡರೆ 0.75ರ ಗುಣಾಂಕದಲ್ಲಿ ಅದರ ಬಳಕೆ 1,00,000 ಕೆವಿಎ-ಗಂಟೆ ಎಂದೂ, 0.96ರಲ್ಲಿ 78,125 ಎಂದೂ ದಾಖಲಾಗುತ್ತದೆ. ಇಲ್ಲಿ ದಂಡವೆಂಬ ಪ್ರತ್ಯೇಕ ಸಾಲಿಲ್ಲ, ರಿಯಾಯಿತಿಯೂ ಇಲ್ಲ, ಹೊರೆಯೇ ಬೆಲೆಯಾಗುತ್ತದೆ. 0.90ಕ್ಕೆ ತಲುಪಿದೊಡನೆ ಪ್ರಯತ್ನವನ್ನು ನಿಲ್ಲಿಸುವ ಪ್ರವೃತ್ತಿಗೆ ಇದರಲ್ಲಿ ಅವಕಾಶ ಕಡಿಮೆ.

ಮನೆಯ ಬಿಲ್ಲು ಮತ್ತು ‘ವಿದ್ಯುತ್ ಉಳಿಸುವ ಪೆಟ್ಟಿಗೆ’

ಸಾಮಾನ್ಯ ಗೃಹಬಳಕೆಯ ಬಿಲ್ಲು ನಿಗದಿತ ಶುಲ್ಕ ಮತ್ತು ಯೂನಿಟ್ಟುಗಳ ಮೇಲೆ ನಿಂತಿದೆ. ಅದರಲ್ಲಿ ಪವರ್ ಫ್ಯಾಕ್ಟರಿಗೆ ದಂಡವೂ ಇಲ್ಲ, ಬಹುಮಾನವೂ ಇಲ್ಲ. ಆದರೂ ಸಾಕೆಟ್ಟಿಗೆ ಸಿಕ್ಕಿಸಿದರೆ ಬಿಲ್ಲಿನ ದೊಡ್ಡ ಭಾಗವನ್ನು ಉಳಿಸುವುದಾಗಿ ಹೇಳುವ ಪುಟ್ಟ ಪೆಟ್ಟಿಗೆಗಳ ಮಾರಾಟ ದೇಶದೆಲ್ಲೆಡೆ ನಡೆದಿದೆ. ಇವುಗಳ ಒಳಗೆ ಸಾಮಾನ್ಯವಾಗಿ ಇರುವುದು ಒಂದು ಸಣ್ಣ ಕೆಪಾಸಿಟರು ಮತ್ತು ಒಂದು ಸೂಚಕ ದೀಪ.

ಮಾರುವವರು ತೋರಿಸುವ ಪ್ರಾತ್ಯಕ್ಷಿಕೆ ಸುಳ್ಳಲ್ಲ ಎಂಬುದೇ ಇಲ್ಲಿನ ತೊಡಕು. ಫ್ಯಾನೊಂದನ್ನೋ ರೆಫ್ರಿಜರೇಟರನ್ನೋ ಓಡಿಸಿ ಆಂಪಿಯರ್ ಮಾಪಕದಲ್ಲಿ ಪ್ರವಾಹವನ್ನು ತೋರಿಸುತ್ತಾರೆ. ಪೆಟ್ಟಿಗೆಯನ್ನು ಸಿಕ್ಕಿಸಿದೊಡನೆ ಮುಳ್ಳು ಇಳಿಯುತ್ತದೆ. ಪ್ರವಾಹ ನಿಜವಾಗಿಯೂ ಕಡಿಮೆಯಾಗಿದೆ. ಆದರೆ ಕಡಿಮೆಯಾದದ್ದು ಮನೆಯ ಮಾಪಕ ಎಂದೂ ಎಣಿಸದಿದ್ದ ಭಾಗ. ಆಂಪಿಯರ್ ಮಾಪಕದ ಬದಲು ವ್ಯಾಟ್ ಮಾಪಕವನ್ನು ಜೋಡಿಸಿದ್ದರೆ ಮುಳ್ಳು ಇದ್ದಲ್ಲಿಯೇ ನಿಲ್ಲುತ್ತಿತ್ತು.

ಮನೆಯೊಳಗಣ ತಂತಿಯ ನಷ್ಟ ತಗ್ಗುವುದಲ್ಲವೇ ಎಂಬ ಆಕ್ಷೇಪವನ್ನೂ ಲೆಕ್ಕ ಹಾಕಿ ನೋಡಬಹುದು. 150 ವ್ಯಾಟಿನ, 0.65ರ ಗುಣಾಂಕದ ರೆಫ್ರಿಜರೇಟರು 230 ವೋಲ್ಟಿನಲ್ಲಿ ಸುಮಾರು 1 ಆಂಪಿಯರ್ ಸೆಳೆಯುತ್ತದೆ. ಗುಣಾಂಕವನ್ನು 1ಕ್ಕೆ ತಂದರೆ ತಂತಿಯಲ್ಲಿನ ಪ್ರವಾಹ 0.65 ಆಂಪಿಯರಿಗೆ ಇಳಿಯುತ್ತದೆ. ಮನೆಯ ತಂತಿಯ ರೋಧ 0.4 ಓಮ್ ಎಂದು ಹಿಡಿದರೆ ಅದರಲ್ಲಿನ ನಷ್ಟ 0.40 ವ್ಯಾಟಿನಿಂದ 0.17 ವ್ಯಾಟಿಗೆ ತಗ್ಗುತ್ತದೆ. ಯಂತ್ರ ದಿನಕ್ಕೆ 10 ಗಂಟೆ ಓಡಿದರೂ ತಿಂಗಳ ಉಳಿತಾಯ 0.07 ಯೂನಿಟ್ ಮಾತ್ರ. ಪೆಟ್ಟಿಗೆಯ ಸೂಚಕ ದೀಪವೂ ಕೆಪಾಸಿಟರಿನ ಒಳನಷ್ಟವೂ ಸೇರಿ ಅರ್ಧ ವ್ಯಾಟ್ ಆದರೂ, ಹಗಲಿರುಳು ಸಿಕ್ಕಿಸಿಟ್ಟಾಗ ತಿಂಗಳಿಗೆ 0.36 ಯೂನಿಟ್ ಖರ್ಚಾಗುತ್ತದೆ. ಉಳಿಸಿದ್ದರ ಐದು ಪಟ್ಟನ್ನು ಪೆಟ್ಟಿಗೆ ತಾನೇ ತಿಂದಂತಾಯಿತು. ಮನೆಯ ಬಿಲ್ಲು ಇಳಿಯಬೇಕಾದರೆ ಇಳಿಯಬೇಕಾದದ್ದು ಕಿಲೋವ್ಯಾಟ್-ಗಂಟೆ. ಕಡಿಮೆ ವ್ಯಾಟಿನ ಫ್ಯಾನು, ದಕ್ಷ ರೆಫ್ರಿಜರೇಟರು, ಸೌರ ಜಲತಾಪಕ ಇವೇ ಅದರ ದಾರಿ.

ಪಂಪ್‌ಸೆಟ್: ಬಿಲ್ಲಿಲ್ಲದ ಕಡೆ ತೆರುವ ಬೆಲೆ

ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಸರ್ಕಾರದ ಸಹಾಯಧನದಿಂದ ಉಚಿತ ವಿದ್ಯುತ್ತು ದೊರೆಯುತ್ತದೆ. ಅವುಗಳಲ್ಲಿ ಬಹುಪಾಲಿಗೆ ಪ್ರತ್ಯೇಕ ಮಾಪಕದ ಓದುವಿಕೆಯಿಲ್ಲ. ಬಿಲ್ಲಿಲ್ಲವಾದ್ದರಿಂದ ಪವರ್ ಫ್ಯಾಕ್ಟರಿನ ಬೆಲೆಯೂ ಇಲ್ಲವೆಂದು ತೋರುವುದು ಸಹಜ. ವಾಸ್ತವ ಹಾಗಿಲ್ಲ.

5 ಅಶ್ವಶಕ್ತಿಯ ಮೋಟಾರೊಂದು ಶೇಕಡಾ 80ರ ದಕ್ಷತೆಯಲ್ಲಿ 4.66 ಕಿಲೋವ್ಯಾಟ್ ಪಡೆಯುತ್ತದೆ. ಅದರ ಪವರ್ ಫ್ಯಾಕ್ಟರು 0.75 ಆದರೆ ಸೆಳೆಯುವ ಪ್ರವಾಹ 8.6 ಆಂಪಿಯರ್, ಹೊರೆ 6.2 ಕೆವಿಎ. ಹಳ್ಳಿಗಳಲ್ಲಿ ‘ಟಿ.ಸಿ.’ ಎಂದೇ ಹೆಸರಾದ 63 ಕೆವಿಎ ಟ್ರಾನ್ಸ್‌ಫಾರ್ಮರು ಇಂಥ ಹತ್ತು ಪಂಪುಗಳಿಂದ ಅಂಚಿಗೆ ಮುಟ್ಟುತ್ತದೆ. ಹನ್ನೊಂದನೆಯದು ಸೇರಿದರೆ ಅದು ಮಿತಿಮೀರಿ ಕಾಯುತ್ತದೆ. ಪ್ರತಿ ಮೋಟಾರಿಗೂ 2 ಕೆವಿಎಆರ್ ಕೆಪಾಸಿಟರನ್ನು ಜೋಡಿಸಿದರೆ ಗುಣಾಂಕ 0.91ಕ್ಕೆ ಏರುತ್ತದೆ, ಪ್ರವಾಹ 7.1 ಆಂಪಿಯರಿಗೂ, ಹತ್ತು ಪಂಪುಗಳ ಒಟ್ಟು ಹೊರೆ 51 ಕೆವಿಎಗೂ ಇಳಿಯುತ್ತದೆ. ಅದೇ ಟಿ.ಸಿ. ಇನ್ನೆರಡು ಪಂಪುಗಳನ್ನು ಹೊರಬಲ್ಲದು. ಮಾರ್ಗದ ನಷ್ಟ ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗುತ್ತದೆ.

ಕೆಪಾಸಿಟರು ಇಲ್ಲದಿದ್ದಾಗ ಆಗುವ ಅನರ್ಥ ಸರಪಣಿಯಂತೆ ಬೆಳೆಯುತ್ತದೆ. ಎಲ್ಲ ಪಂಪುಗಳೂ ಹೆಚ್ಚಿನ ಪ್ರವಾಹ ಸೆಳೆದಾಗ ಮಾರ್ಗದ ತುದಿಯಲ್ಲಿ ವೋಲ್ಟೇಜು ಕುಸಿಯುತ್ತದೆ. ಕುಸಿದ ವೋಲ್ಟೇಜಿನಲ್ಲಿ ಅಷ್ಟೇ ನೀರೆತ್ತಬೇಕಾದ ಮೋಟಾರು ಇನ್ನೂ ಹೆಚ್ಚು ಪ್ರವಾಹ ಸೆಳೆಯುತ್ತದೆ. ವೋಲ್ಟೇಜು ಮತ್ತೂ ಕುಸಿಯುತ್ತದೆ. ಕೊನೆಗೆ ಸುಡುವುದು ಮೋಟಾರಿನ ಸುರುಳಿ, ಇಲ್ಲವೆ ಟಿ.ಸಿ. ಸುರುಳಿ ಸುತ್ತಿಸಲು ಪೇಟೆಗೆ ಮೋಟಾರು ಹೊತ್ತೊಯ್ಯುವ ವೆಚ್ಚ, ಟಿ.ಸಿ. ಬದಲಾಗುವವರೆಗೆ ಒಣಗುವ ಬೆಳೆ ಇವು ಯಾವ ಬಿಲ್ಲಿನಲ್ಲಿಯೂ ನಮೂದಾಗುವುದಿಲ್ಲ. ಆದರೆ ಕೆಲಸ ಮಾಡದ ಪ್ರವಾಹದ ಬೆಲೆಯನ್ನು ರೈತ ತೆರುವುದು ಹೀಗೆ. ಅದರಲ್ಲಿಯೂ ಮಾರ್ಗದ ಕೊನೆಯಲ್ಲಿರುವವನು ಎಲ್ಲರ ಪಾಲನ್ನೂ ತೆರುತ್ತಾನೆ.

ಒಬ್ಬನೇ ರೈತ ಕೆಪಾಸಿಟರು ಹಾಕಿಕೊಂಡರೆ ಅವನಿಗೆ ದೊರೆಯುವ ಪ್ರಯೋಜನ ಅಲ್ಪ. ಒಂದು ಟಿ.ಸಿ.ಯ ಹತ್ತೂ ಮಂದಿ ಹಾಕಿಕೊಂಡರೆ ಎಲ್ಲರಿಗೂ ಪ್ರಯೋಜನ ಗಣನೀಯ. ಪಂಪ್‌ಸೆಟ್ಟಿಗೆ ಕೆಪಾಸಿಟರು ಕಡ್ಡಾಯವೆಂಬ ನಿಯಮ ಕಾಗದದಲ್ಲಿ ಇದ್ದೂ ಹೊಲಕ್ಕೆ ಇಳಿಯದಿರುವುದರ ಕಾರಣವನ್ನು ಇಲ್ಲಿ ಅರಸಬೇಕು. ಕೆರೆಯ ನೀರನ್ನು ಸರದಿಯಂತೆ ಹಂಚಿಕೊಳ್ಳುವಲ್ಲಿ ಬೇಕಾದ ಒಮ್ಮತವೇ ಇಲ್ಲಿಯೂ ಬೇಕು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸುವುದು ಅಗತ್ಯ. ಮೂರೂ ಫೇಸುಗಳು ಇಲ್ಲದ ವೇಳೆಯಲ್ಲಿ ಮೋಟಾರನ್ನು ಓಡಿಸಲು ಕೆಲವೆಡೆ ಜೋಡಿಸುವ ‘ಕಂಡೆನ್ಸರು’ ಬೇರೆ. ಪವರ್ ಫ್ಯಾಕ್ಟರನ್ನು ಸುಧಾರಿಸಲು ಮೂರೂ ಫೇಸುಗಳಿಗೆ ಅಡ್ಡಲಾಗಿ ಜೋಡಿಸುವ ಕೆಪಾಸಿಟರು ಬೇರೆ. ಮೊದಲನೆಯದು ಮೋಟಾರಿನ ಆಯುಷ್ಯವನ್ನು ಕುಗ್ಗಿಸುತ್ತದೆ. ಎರಡನೆಯದು ಜಾಲದ ಹೊರೆಯನ್ನು ಇಳಿಸುತ್ತದೆ.

ಪರಿಹಾರ ಮತ್ತು ಅದರ ಮಿತಿ

ಕೆಪಾಸಿಟರಿನ ವರ್ತನೆ ಸುರುಳಿಯ ವರ್ತನೆಗೆ ತದ್ವಿರುದ್ಧ. ಸುರುಳಿಯು ಶಕ್ತಿಯನ್ನು ಪಡೆಯುವ ಕಾಲು ಆವರ್ತದಲ್ಲಿ ಅದು ಶಕ್ತಿಯನ್ನು ಬಿಟ್ಟುಕೊಡುತ್ತದೆ. ಸುರುಳಿ ಬಿಟ್ಟುಕೊಡುವಾಗ ತಾನು ಪಡೆಯುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟರೆ ಕೊಡುಕೊಳ್ಳುವಿಕೆ ಅವುಗಳ ನಡುವೆಯೇ ಮುಗಿಯುತ್ತದೆ. ದೂರದ ಜನರೇಟರಿನಿಂದ ಆ ಪ್ರವಾಹ ಬಂದು ಹೋಗಬೇಕಾದ ಅಗತ್ಯ ತಪ್ಪುತ್ತದೆ. ಆದುದರಿಂದ ಕೆಪಾಸಿಟರನ್ನು ಮೋಟಾರಿಗೆ ಎಷ್ಟು ಹತ್ತಿರ ಇಟ್ಟರೆ ಅಷ್ಟು ಲಾಭ. ಸ್ಟಾರ್ಟರಿನ ನಂತರ ಜೋಡಿಸಿದರೆ ಮೋಟಾರು ನಿಂತಾಗ ಕೆಪಾಸಿಟರೂ ಪೂರೈಕೆಯಿಂದ ಕಳಚಿಕೊಳ್ಳುತ್ತದೆ.

ಹೆಚ್ಚಾದರೆ ಇದೂ ದೋಷವೇ. ರಾತ್ರಿ ಯಂತ್ರಗಳು ನಿಂತ ಮೇಲೂ ಕೆಪಾಸಿಟರುಗಳು ಜಾಲಕ್ಕೆ ಅಂಟಿಕೊಂಡಿದ್ದರೆ ಪ್ರವಾಹವು ವೋಲ್ಟೇಜಿಗಿಂತ ಮುಂದಕ್ಕೆ ಹೋಗಿ ವೋಲ್ಟೇಜು ಅನಗತ್ಯವಾಗಿ ಏರುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಹೊರೆಗೆ ತಕ್ಕಂತೆ ಕೆಪಾಸಿಟರುಗಳನ್ನು ತಾನಾಗಿ ಸೇರಿಸಿ ಕಳಚುವ ನಿಯಂತ್ರಣ ಫಲಕವನ್ನು ಅಳವಡಿಸುವುದು ಇದಕ್ಕಾಗಿಯೇ. ಗರಿಷ್ಠ ಹೊರೆಯನ್ನು ನೋಡಿ ಒಮ್ಮೆ ಕೂರಿಸಿ ಮರೆತುಬಿಡುವ ಕೆಪಾಸಿಟರು ಅರ್ಧ ಪರಿಹಾರ ಮಾತ್ರ.

ಇನ್ನೊಂದು ಮಿತಿ ಈಚಿನ ಉಪಕರಣಗಳಿಂದ ಬಂದದ್ದು. ಕಂಪ್ಯೂಟರು, ಎಲ್‌ಇಡಿ ದೀಪ, ಮೋಟಾರಿನ ವೇಗವನ್ನು ಬದಲಿಸುವ ಡ್ರೈವು ಮೊದಲಾದವು ಪ್ರವಾಹವನ್ನು ನುಣುಪಾದ ಅಲೆಯಾಗಿ ಸೆಳೆಯದೆ ತುಂಡುತುಂಡಾಗಿ ಸೆಳೆಯುತ್ತವೆ. ಇಲ್ಲಿ ಪವರ್ ಫ್ಯಾಕ್ಟರು ಕುಗ್ಗುವುದು ವಿಳಂಬದಿಂದಲ್ಲ, ಅಲೆಯ ವಿಕೃತಿಯಿಂದ. ಈ ವಿಕೃತಿಯಲ್ಲಿ 50 ಆವರ್ತಗಳ ಮೂಲ ಅಲೆಯ ಜೊತೆಗೆ 150, 250, 350 ಹೀಗೆ ಹೆಚ್ಚಿನ ಆವರ್ತಗಳ ಅಲೆಗಳು ಬೆರೆತಿರುತ್ತವೆ. ಕೆಪಾಸಿಟರು ಇದನ್ನು ಸರಿಪಡಿಸಲಾರದು. ಕೆಲವೊಮ್ಮೆ ಆ ಅಲೆಗಳೊಡನೆ ಅನುರಣನಗೊಂಡು ತಾನೇ ಸಿಡಿಯುತ್ತದೆ. ಇಂಥಲ್ಲಿ ಬೇಕಾದದ್ದು ಶೋಧಕ ಮಂಡಲ. 2015ರಿಂದ ಕೇಂದ್ರದ ಯೋಜನೆಯ ಮೂಲಕ ಎಲ್‌ಇಡಿ ಬಲ್ಬುಗಳು ಮನೆಮನೆಗೂ ತಲುಪಿದ ಮೇಲೆ ವ್ಯಾಟುಗಳ ಉಳಿತಾಯ ದೊಡ್ಡದಾಗಿಯೇ ಆಗಿದೆ. ಬಲ್ಬಿನ ಪೊಟ್ಟಣದ ಮೇಲೆ ವ್ಯಾಟಿನ ಜೊತೆಗೆ ನಮೂದಾದ ಪವರ್ ಫ್ಯಾಕ್ಟರನ್ನೂ ನೋಡಿ ಕೊಳ್ಳುವುದು ಬಿಲ್ಲಿಗಾಗಿ ಅಲ್ಲದಿದ್ದರೂ ಜಾಲದ ಹಿತಕ್ಕಾಗಿ ಯುಕ್ತ.

ರಾಜ್ಯವೂ ಒಬ್ಬ ಬಳಕೆದಾರ

ಕಾರ್ಖಾನೆಗೆ ವಿದ್ಯುತ್ ಸಂಸ್ಥೆ ಬಿಲ್ಲು ಕಳಿಸುವಂತೆ ರಾಜ್ಯಕ್ಕೂ ಅಂತರರಾಜ್ಯ ಜಾಲದಿಂದ ಲೆಕ್ಕ ಬರುತ್ತದೆ. 2010ರ ಭಾರತೀಯ ವಿದ್ಯುತ್ ಗ್ರಿಡ್ ಸಂಹಿತೆಯಂತೆ, ವೋಲ್ಟೇಜು ನಿಗದಿಯ ಶೇಕಡಾ 97ಕ್ಕಿಂತ ಕೆಳಗಿರುವಾಗ ಜಾಲದಿಂದ ಪ್ರತಿಕ್ರಿಯಾ ಶಕ್ತಿಯನ್ನು ಸೆಳೆಯುವ ರಾಜ್ಯ ಶುಲ್ಕ ತೆರಬೇಕಿತ್ತು; ಅದೇ ಸಮಯದಲ್ಲಿ ಜಾಲಕ್ಕೆ ಒದಗಿಸುವ ರಾಜ್ಯ ಶುಲ್ಕ ಪಡೆಯುತ್ತಿತ್ತು. ವೋಲ್ಟೇಜು ಶೇಕಡಾ 103ನ್ನು ಮೀರಿದಾಗ ನಿಯಮ ತಿರುವುಮುರುವಾಗುತ್ತಿತ್ತು. ಆ ಸಂಹಿತೆ 2010ರ ಏಪ್ರಿಲಿನಿಂದ ಪ್ರತಿ ಕೆವಿಎಆರ್-ಗಂಟೆಗೆ 10 ಪೈಸೆಯ ದರವನ್ನು ಗೊತ್ತುಪಡಿಸಿ, ವರ್ಷಕ್ಕೆ ಅರ್ಧ ಪೈಸೆಯಂತೆ ಏರಿಸುತ್ತ ಹೋಗಲು ವಿಧಿಸಿತ್ತು. ಹಳ್ಳಿಯ ಪಂಪಿನಲ್ಲಿ ಯಾರೂ ಎಣಿಸದೆ ಬಿಟ್ಟ ಪ್ರವಾಹ ಹೀಗೆ ಮೇಲುಸ್ತರದಲ್ಲಿ ಎಣಿಕೆಗೆ ಸಿಕ್ಕುತ್ತದೆ. ಆ ವೆಚ್ಚವೂ, ತಂತಿಯ ನಷ್ಟವೂ ಸರಬರಾಜು ಸಂಸ್ಥೆಯ ಒಟ್ಟು ವೆಚ್ಚದಲ್ಲಿ ಬೆರೆತು ಎಲ್ಲ ಬಳಕೆದಾರರ ದರದಲ್ಲಿ ಹಂಚಿಹೋಗುತ್ತವೆ.

ಉಪಸಂಹಾರ

ಪವರ್ ಫ್ಯಾಕ್ಟರು ಬಳಕೆದಾರನ ಯೂನಿಟ್ಟುಗಳನ್ನು ಹೆಚ್ಚಿಸುತ್ತದೆಂಬ ನಂಬಿಕೆ ಬಹುಮಟ್ಟಿಗೆ ತಪ್ಪು. ಅದಕ್ಕೆ ಬೆಲೆಯಿಲ್ಲವೆಂಬ ನಂಬಿಕೆ ಪೂರ್ತಿ ತಪ್ಪು. ಕಾರ್ಖಾನೆಯಲ್ಲಿ ಅದರ ಬೆಲೆ ಬಿಲ್ಲಿನಲ್ಲಿಯೇ ಬರೆದಿರುತ್ತದೆ. ಆದ್ದರಿಂದ ಅಲ್ಲಿ ಕೆಪಾಸಿಟರುಗಳು ತಾವಾಗಿಯೇ ಬಂದಿವೆ. ಮನೆಯಲ್ಲಿ ಅದರ ಬೆಲೆ ಅತ್ಯಲ್ಪ, ಮಾಪಕ ಅದನ್ನು ಎಣಿಸುವುದೂ ಇಲ್ಲ. ಆದ್ದರಿಂದ ಅಲ್ಲಿ ಅದರ ಹೆಸರಿನಲ್ಲಿ ಮಾರಾಟವಾಗುವ ಪೆಟ್ಟಿಗೆ ಹಣವನ್ನು ಕಳೆಯುತ್ತದೆಯೇ ಹೊರತು ಉಳಿಸದು. ಹೊಲದಲ್ಲಿ ಅದರ ಬೆಲೆ ಬಹಳ, ಬರೆದಿಡುವ ಪುಸ್ತಕ ಮಾತ್ರ ಇಲ್ಲ. ಲೆಕ್ಕವಿರುವಲ್ಲಿ ಪರಿಹಾರ ಬಂದಿದೆ; ಲೆಕ್ಕವಿಲ್ಲದಲ್ಲಿ ಮೋಟಾರು ಸುಡುತ್ತಿದೆ. ಪಂಪ್‌ಸೆಟ್ಟುಗಳ ಟಿ.ಸಿ.ಗಳಿಗೆ ಮಾಪಕಗಳನ್ನು ಅಳವಡಿಸಿ ಅವುಗಳ ಪವರ್ ಫ್ಯಾಕ್ಟರನ್ನು ಆಯಾ ಊರಿನವರಿಗೆ ತಿಳಿಯುವಂತೆ ಪ್ರಕಟಿಸುವುದು ರೈತನಿಗೆ ಬಿಲ್ಲು ಹೊರಿಸದೆಯೂ ಮಾಡಬಹುದಾದ ಕೆಲಸ. ಮುಂದಿನ ಸುಧಾರಣೆ ಅಲ್ಲಿಂದ ಆರಂಭವಾಗುವುದು ಯುಕ್ತವಾದದ್ದು.